ಏಳನೆಯ ಪೆಟ್ಟು

ಅವರೆಕಾಯಿ ಬಿಡಿಸುತ್ತಿದ್ದ ಹರಿಣಾಕ್ಷಿಯ ಕೈ ಅದೇ ಜಾಗದಲ್ಲಿ ಮತ್ತೆ ನಿಂತಿತು. ಇಯರ್‌ಫೋನಿನಲ್ಲಿ ಬೆಳಗಿನಿಂದ ಇದು ಆರನೆಯ ಸಲ ಕೇಳುತ್ತಿರುವುದು. ತಬಲಾ ಎಂಟು ಪೆಟ್ಟು ಮುಗಿಸಿದ ಮೇಲೆ ಪಿಟೀಲು ಬರಬೇಕು. ತಬಲಾ ಎಂಟನ್ನೂ ನುಡಿಯುತ್ತಿತ್ತು; ಪಿಟೀಲೇ ಏಳಕ್ಕೆ ನುಗ್ಗುತ್ತಿತ್ತು. ಪಿಟೀಲು ಅಪ್ಪನದು.

ಐವತ್ತೈದು ವರ್ಷದ ಹಿಂದೆ ಮದರಾಸಿನಲ್ಲಿ ಧ್ವನಿಮುದ್ರಿಸಿದ, ತೆರೆಗೇ ಬರದ ಚಿತ್ರದ ಸಂಗೀತ. ಟೇಪು ಅಕ್ಕಿಪೇಟೆಯ ಗೋದಾಮೊಂದರಲ್ಲಿ ಸಿಕ್ಕಿತ್ತು. ಉಳಿದಿರುವುದು, ಕೆಟ್ಟಿತೆಂದು ಅಂದು ಪಕ್ಕಕ್ಕಿಟ್ಟ ಈ ಟೇಕು ಒಂದೇ. ಭಾನುವಾರ ಚಾಮರಾಜಪೇಟೆಯ ಸಭೆಯಲ್ಲಿ ಅದನ್ನು ಕೇಳಿಸಿ ಬಿಡುಗಡೆ.

"ಕಳಿಸಿದ್ನೇನಮ್ಮ ಲಕ್ಷ್ಮೀಶ?" ಅಪ್ಪ ಮುನಿಕೃಷ್ಣಪ್ಪ ಊರುಗೋಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

ಅವಳು ಇಯರ್‌ಫೋನ್ ಕಿತ್ತು ಸೆರಗಿನಡಿ ಸೇರಿಸಿದಳು. "ಇನ್ನೂ ಇಲ್ಲಪ್ಪ."

"ಬರ್ಲಿ, ಬರ್ಲಿ. ಆ ಬೈರಪ್ಪ ಏಳಕ್ಕೇ ತಬಲಾ ನಿಲ್ಲಿಸ್ದ. ಯಾರ್ದಯ್ಯಾ ತಪ್ಪು ಅಂತ ಸಂಗೀತದ ಮೇಷ್ಟ್ರು ಕೇಳಿದ್ರು, ನಾನೇ ಅವ್ನ ಕಡೆ ಕೈ ತೋರ್ಸ್ದೆ. ಬಾಯೇ ಬಿಡ್ಲಿಲ್ಲ ಕಣಮ್ಮ ಅವ್ನು! ಈಗ ಎಲ್ರೂ ಕೇಳ್ಲಿ."

ಆಮೇಲೆ ಬೈರಪ್ಪನವರನ್ನು ಯಾರೂ ನುಡಿಸಲು ಕರೆಯಲಿಲ್ಲ. ಓಕಳಿಪುರದಲ್ಲಿ ತರಕಾರಿ ಮಾರಿಕೊಂಡು ಬದುಕಿದರು. ಅಮ್ಮ ತೀರಿಕೊಂಡ ದಿನ ಹಾರ ಹಿಡಿದು ಬಂದ ಅವರನ್ನು ಅಪ್ಪ ಬಾಗಿಲಿನಿಂದಲೇ ಕಳಿಸಿದ್ದರು. ಹಾರವನ್ನು ಮೆಟ್ಟಿಲ ಮೇಲಿಟ್ಟು ಹೋಗಿದ್ದರು.

ಫೋನು ಬಡಿದುಕೊಂಡಿತು. ಟೇಪನ್ನು ಶುದ್ಧಗೊಳಿಸುತ್ತಿದ್ದ ಲಕ್ಷ್ಮೀಶ.

"ಆಂಟಿ, ಕೇಳಿದ್ರಾ? ಆ ಒಂದು ಕಡೆ ಪಿಟೀಲು ಸ್ವಲ್ಪ ಮುಂಚೆ ಬಂದಿದೆ. ಹಿಂದಕ್ಕೆ ಸರಿಸ್ಬಿಡ್ಲಾ? ಯಾರ್ಗೂ ಗೊತ್ತಾಗಲ್ಲ. ಹತ್ತು ನಿಮಿಷದಲ್ಲಿ ಮೆಸೇಜ್ ಮಾಡ್ಬಿಡಿ, ಫೈನಲ್ ಮಾಡ್ತಿದೀನಿ. ಬೈರಪ್ಪನೋರೂ ಬರ್ತಾರಂತೆ."

"ಏನಂತೆ?" ಅಪ್ಪ ಕದಲಲಿಲ್ಲ.

"ಭಾನುವಾರದ ವಿಷಯ."

ಅವಳು ಇನ್ನೊಂದು ಕಾಯಿ ಬಿಡಿಸಿದಳು. ಸರಿಪಡಿಸಿದರೆ ಅಪ್ಪನ ಮಾನ ಉಳಿಯುತ್ತದೆ. ಬೈರಪ್ಪನವರ ಮೇಲಿನ ಆರೋಪವೂ ಉಳಿಯುತ್ತದೆ. ಹಾಗೇ ಬಿಟ್ಟರೆ? ತುಂಬಿದ ಸಭೆಯಲ್ಲಿ, ಎಂಬತ್ತೆರಡು ವರ್ಷದ ಈ ಎದೆ ತಡೆದೀತೇ? ಅಪ್ಪನಿಗೆ ಕಿವಿ ಇನ್ನೂ ಚುರುಕು. ಒಂದೇ ಸಲಕ್ಕೆ ಗೊತ್ತಾಗಿಬಿಡುತ್ತದೆ.

ಕೈ ಒರೆಸಿಕೊಂಡು ಬೆರಳಚ್ಚಿಸಿದಳು: ಇದ್ದ ಹಾಗೇ ಇರಲಿ. ಕಳಿಸಿ ಫೋನನ್ನು ಕವುಚಿಟ್ಟಳು.

"ಮುಂದಿನ ಸಾಲಲ್ಲೇ ಕೂರ್ತೀವಿ ಅಂತ ಹೇಳ್ದೆ ತಾನೆ?" ಎಂದರು ಅಪ್ಪ.

"ಹ್ಞೂಂ."

ಅಪ್ಪನನ್ನು ಗೋಡೆ ಬದಿಯ ಕುರ್ಚಿಯಲ್ಲಿ ಕೂರಿಸಬೇಕು ಎಂದುಕೊಂಡಳು. ದಾರಿಯ ಬದಿ ತಾನು. ಮಧ್ಯದಲ್ಲಿ ಎದ್ದು ಹೋಗಬೇಕೆಂದರೂ ಅವರು ಅವಳ ಮೊಣಕಾಲು ದಾಟಿಯೇ ಹೋಗಬೇಕು.