ಕ್ಯಾಚ್ ಬಿಟ್ಟವನು

ಹೊಸ ಟೆನಿಸ್ ಚೆಂಡಿನ ರಬ್ಬರ್ ವಾಸನೆ ಬಂದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಯುದ್ಧ ಮುಗಿದು ಕುವೈತಿನ ನಮ್ಮ ಹೈಸ್ಕೂಲು ಮತ್ತೆ ತೆರೆದ ವರ್ಷ ಅದು. ಮೈದಾನದ ಅಂಚಿಗೆ ಕೆಂಪು ಪಟ್ಟಿ ಕಟ್ಟಿದ್ದರು. "ಆಚೆ ಮರಳಲ್ಲಿ ಸೈನಿಕರು ಹೂತಿಟ್ಟ ಮೈನ್ಸ್ ಉಂಟಾ ಇಲ್ವಾ ಅಂತ ಇನ್ನೂ ನೋಡಿ ಆಗ್ಲಿಲ್ಲ. ಯಾರೂ ದಾಟ್ಲಿಕ್ಕಿಲ್ಲ," ಎಂದು ಪಿ.ಟಿ. ಮಾಸ್ಟ್ರು ದಿನಾ ಹೇಳುತ್ತಿದ್ದರು. ಆದರೆ ಸೀನಿಯರ್‌ಗಳು ಕಲಿಸಿಹೋದ ಕಾನೂನು ನಮಗೆ ಅದಕ್ಕಿಂತ ದೊಡ್ಡದು: ಕ್ಯಾಚ್ ಬಿಟ್ಟವನೇ ಚೆಂಡು ತರಬೇಕು.

ಆ ಮಧ್ಯಾಹ್ನ ಕ್ಯಾಚ್ ಬಿಟ್ಟವನು ಮೆಲ್ವಿನ್. ಚೆಂಡು ಪಟ್ಟಿಯ ಕೆಳಗೆ ಉರುಳಿ, ಇಪ್ಪತ್ತು ಹೆಜ್ಜೆ ಆಚೆ ಮರಳಿನಲ್ಲಿ ನಿಂತಿತು. ಅವನು ಕ್ಯಾಪ್ಟನ್ ಆಗಿದ್ದ ನನ್ನ ಮುಖ ನೋಡಿದ.

"ಬೇರೆ ಬಾಲ್ ಉಂಟಲ್ಲ ಮಾರಾಯ."

ಹೊಸ ಚೆಂಡು ನನ್ನ ಜೇಬಿನಲ್ಲೇ ಇತ್ತು. "ರೂಲ್ ಅಂದ್ರೆ ರೂಲ್. ಯಲ್ಲಾ, ಹೋಗು," ಎಂದೆ.

ಅವನು ಒಂದೊಂದೇ ಹೆಜ್ಜೆ ಊರುತ್ತಾ ಹೋದ. ಬರುವಾಗ ತನ್ನದೇ ಹೆಜ್ಜೆಗುರುತುಗಳ ಮೇಲೆ ಕಾಲಿಟ್ಟುಕೊಂಡು ಬಂದ. ಚಡ್ಡಿ ಒದ್ದೆಯಾಗಿತ್ತು. ಮೊದಲು ನಕ್ಕವನು ನಾನೇ.

ಸಂಜೆ ಅವನ ಅಮ್ಮ ಜಾಬ್ರಿಯಾದ ಆಸ್ಪತ್ರೆಯ ಡ್ಯೂಟಿ ಮುಗಿಸಿ, ನರ್ಸ್ ಯೂನಿಫಾರ್ಮಿನಲ್ಲೇ ನಮ್ಮ ಮನೆಗೆ ಬಂದರು. ನಾನು ಬಾಗಿಲ ಹಿಂದೆ ಅಡಗಿ ನಿಂತೆ. ಅವರು ನನ್ನ ಅಮ್ಮನ ಕೈಗೆ ಕೇಕಿನ ಪೊಟ್ಟಣ ಇಟ್ಟರು.

"ನಿಮ್ಮ ಮಗ ನಮ್ಮ ಮೆಲ್ವಿನನ್ನ ಆಟಕ್ಕೆ ಸೇರಿಸಿಕೊಂಡಿದ್ದಾನಂತೆ. ಯುದ್ಧದಲ್ಲಿ ಊರಿಗೆ ಹೋದ ಅವನ ಫ್ರೆಂಡ್ಸ್ ಯಾರೂ ವಾಪಸ್ ಬರ್ಲಿಲ್ಲ ನೋಡಿ. ತುಂಬಾ ಉಪಕಾರ ಆಯ್ತು."

ಅಮ್ಮ ಹೆಮ್ಮೆಯಿಂದ ನನ್ನನ್ನು ಕರೆದು, ಮೊದಲ ತುಂಡನ್ನು ನನಗೇ ಕೊಟ್ಟಳು. ಹೊಸ ಚೆಂಡನ್ನು ಜೇಬಿನಲ್ಲಿ ಇಟ್ಟುಕೊಂಡೇ ತಿಂದೆ.