ಹೀರೋ ಕ್ಷಮಿಸಿಬಿಟ್ಟ

"ಥೂ, ಇದೂ ಒಂದು ಸಿನಿಮಾನಾ!" ಕೊರಿಯಾದ ದೇಗು ಪೇಟೆಯಲ್ಲಿ, ಖಾರದ ಅಕ್ಕಿಕಡುಬು ತೊಕ್‌ಬೊಕ್ಕಿ ಮಾರುವ ಅಂಗಡಿಯಲ್ಲಿ ಕೂತವಳೇ ಸೊದಾಮ್ ಸಿಡುಕಿದಳು. ಮನ್‌ಹೋ ಒಳಗೊಳಗೇ ಚಡಪಡಿಸಿದ. ಹದಿನಾಲ್ಕರ ಮಗಳನ್ನು ಪುಸಲಾಯಿಸಿ ಈ ಸೂಪರ್‌ಹೀರೋ ಸಿನಿಮಾಕ್ಕೆ ಕರೆತಂದದ್ದೇ ಅದರ ಕೊನೆಯ ದೃಶ್ಯ ನೋಡಲಿ ಎಂದು. ಅಲ್ಲಿ ಹೀರೋ ವಿಲನ್ನನ್ನು ಹೊಡೆಯದೆ, ಎತ್ತಿ ಅಪ್ಪಿಕೊಳ್ಳುತ್ತಾನೆ.

"ಯಾಕೆ, ಕೊನೆ ಚೆನ್ನಾಗಿತ್ತಲ್ಲ? ಎಂಥ ದೊಡ್ಡ ಮನಸ್ಸು ಅವನದು!"

"ಏನು ಮಣ್ಣು ದೊಡ್ಡ ಮನಸ್ಸು? ಆ ವಿಲನ್ ಅರ್ಧ ಊರು ಕೆಡವಿದ. ಆಮೇಲೆ ಮಂಡಿಯೂರಿ ಗೊಳೋ ಅಂತ ಅತ್ತ. ಇವನು ಕ್ಷಮಿಸಿದೆ ಅಂದ, ಪುರ್ರಂತ ಹಾರಿಹೋದ. ಇವನ ಮೇಲೆ ಒಂದು ಇಟ್ಟಿಗೆನಾದ್ರೂ ಬಿದ್ದಿತ್ತಾ ಅಪ್ಪ? ಕಟ್ಟಡದ ಕೆಳಗೆ ಸಿಕ್ಕಿಬಿದ್ದೋರನ್ನ ಯಾರಾದ್ರೂ ಕೇಳಿದ್ರಾ?"

"ಸಿನಿಮಾ ಕಣೇ ಅದು. ಕ್ಷಮಿಸೋದು ಕಲೀಬೇಕು ಅನ್ನೋದು ನೀತಿ."

"ನೀತಿಯಂತೆ! ಪೆಟ್ಟು ತಿಂದೋರು ಬಾಯಿ ಮುಚ್ಕೊಂಡಿರಿ ಅಂತ ತಾನೇ?"

ಮನ್‌ಹೋ ತಲೆ ತಗ್ಗಿಸಿ ಇನ್ನೊಂದು ತುತ್ತು ಬಾಯಿಗಿಟ್ಟ. ಸೊದಾಮಳನ್ನು ಶಾಲೆಯ ಶೌಚಾಲಯದಲ್ಲಿ ಕೂಡಿಹಾಕಿ, ಕೂದಲು ಕತ್ತರಿಸಿ, ಅದರ ವಿಡಿಯೋ ಹಂಚಿದವಳು ಸಹಪಾಠಿ ಹೆರಿಮ್. ಸೋಮವಾರ ಅವಳ ವಿಚಾರಣೆ. ಸೊದಾಮ್ ಕ್ಷಮಿಸಿದೆ ಎಂದುಬಿಟ್ಟರೆ ಅವಳ ಶಿಕ್ಷೆ ಹಗುರಾಗುತ್ತದೆ. ಮೊನ್ನೆ ಹೆರಿಮಳ ಅಪ್ಪ ಮನ್‌ಹೋನನ್ನು ಊಟಕ್ಕೆ ಕರೆದು, ಮಂಡಿಯೂರಿ, ಎರಡೂ ಕೈಯಲ್ಲಿ ಸೋಜು ಮದ್ಯ ತುಂಬಿದ ಲೋಟ ನೀಡಿದ್ದ. ಆತ ಬೇರೆ ಯಾರೂ ಅಲ್ಲ, ಹೈಸ್ಕೂಲಿನಲ್ಲಿ ಮನ್‌ಹೋನ ಸೀನಿಯರ್. ಸೀನಿಯರ್ ಆದವನು ಮಂಡಿಯೂರಿ ಕೊಟ್ಟ ಲೋಟವನ್ನು ಬೇಡ ಎನ್ನುವುದು ಹೇಗೆ? ಕುಡಿದಿದ್ದ. ಕುಡಿದ ಮೇಲೆ ರಾಜಿ ಆದಂತೆಯೇ.

"ಯಾಕಪ್ಪ, ಹೀಗೆ ಬೆವರ್ತಿದೀಯಾ?"

"ಖಾರ ಜಾಸ್ತಿ ಆಯ್ತು," ಎಂದ. ಹೇಳಿದ ಮೇಲೆ ನಾಚಿಕೆಯಾಯಿತು. ಇನ್ನು ಮುಚ್ಚಿಡಲಾರದೆ ಇದ್ದದ್ದನ್ನೆಲ್ಲ ಬಾಯಿಬಿಟ್ಟ.

ಸೊದಾಮ್ ಅಳಲಿಲ್ಲ, ಕೂಗಾಡಲೂ ಇಲ್ಲ. "ಲೋಟ ಖಾಲಿ ಮಾಡಿದ್ದು ನೀನು. ಕೂದಲು ಹೋಗಿದ್ದು ನಂದು," ಅಂದಳು. "ನನ್ನ ಮಗಳು ಕ್ಷಮಿಸಿಲ್ಲ ಅಂತ ಈಗ್ಲೇ ಫೋನ್ ಮಾಡಿ ಹೇಳು. ನನ್ನ ಮುಂದೇನೇ ಹೇಳು."

ಹೇಳಿಯೇ ತೀರುತ್ತೇನೆ ಎಂದು ಮನ್‌ಹೋ ಹಲ್ಲು ಕಚ್ಚಿ ಫೋನ್ ಹಚ್ಚಿದ. ಆ ಕಡೆಯಿಂದ ಸೀನಿಯರ್‌ನ ದನಿ ಕಿವಿಗೆ ಬಿದ್ದದ್ದೇ ತಡ, ತನಗರಿವಿಲ್ಲದೆ ಕುರ್ಚಿಯಿಂದ ಎದ್ದು ನಿಂತ. "ಅಣ್ಣಾ, ನಾನು ಮನ್‌ಹೋ..." ಎನ್ನುತ್ತ, ಮಗಳ ಕಣ್ಣೆದುರೇ, ಅಂಗಡಿಯ ಖಾಲಿ ಗೋಡೆಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ.