ಜೊತೆಗೆ ಯಾರಿದ್ದಾರೆ?

ಯಾದಗಿರಿಯ ವ್ಯಸನಮುಕ್ತಿ ಕೇಂದ್ರದ ಗೋಡೆಗೆ ಕೈಯೂರಿ ದೇವಿಂದ್ರ ವಾಂತಿ ಮಾಡಿದ. ಅಂಗಿಯಿಂದ ಸೇಂದಿಯ ಹುಳಿವಾಸನೆ ಹೊಡೆಯುತ್ತಿತ್ತು. ಹೆಂಡತಿ ಗೊಲ್ಲಾಳಮ್ಮ ಅವನ ತೋಳನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ದಾರಿಹೋಕರು ಅವಳತ್ತ ಮರುಕದ ಮುಖ ಮಾಡಿ ಮುಂದೆ ಹೋದರು.

ಅವನಿಗಿದ್ದದ್ದು ಒಂದೇ ಭಯ. ಇಲ್ಲಿಯವರೂ ವಾಪಸು ಕಳಿಸಿದರೆ? ಸುರಪುರದಲ್ಲಿ ಕೇಳಿಯಾಗಿತ್ತು, ಶಹಾಪುರದಲ್ಲೂ ಆಗಿತ್ತು. ಹಾಸಿಗೆ ಇಲ್ಲವೆಂಬುದೇ ಉತ್ತರ. ಹೋದ ವಾರ ರಂಗಂಪೇಟೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ತಾವೇ ಚಟ ಬಿಡಿಸಲು ಹೋದಾಗ ಫಿಟ್ಸ್ ಬಂದು, ನಾಲಿಗೆ ಹರಿದು, ಜೀವ ಹೋಗುವುದೊಂದು ಬಾಕಿಯಿತ್ತು. ಇನ್ನೊಮ್ಮೆ ಹಾಗಾದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು.

ನರ್ಸ್ ಮಲ್ಲೇಶ್ವರಿ ಮೂಗು ಮುಚ್ಚಿಕೊಂಡಳು.

“ಮುಂಜಾನೇನೇ ಹಾಕ್ಕೊಂಡು ಬಂದೀಯೇನಪಾ? ಎಷ್ಟು ಕುಡಿದಿ?”

“ಒಂದ್ ಗ್ಲಾಸ್ ರೀ ಅಕ್ಕಾರ.”

“ಇಲ್ಲಿಗೆ ಬರೋರೆಲ್ಲಾ ಒಂದ್ ಗ್ಲಾಸೇ ಕುಡಿದಿರ್ತಾರ. ಕೈ ಚಾಚು.”

ಚಾಚಿದ. ಬೆರಳುಗಳು ನಡುಗಿದವು. ಈ ನಡುಕ ಬೆಳಗಾಗುತ್ತಲೇ ಹೇಗೆ ಶುರುವಾಗುತ್ತದೆ, ಹೇಗೆ ಮೊಣಕೈವರೆಗೆ ಏರುತ್ತದೆ ಎಂಬುದು ವರ್ಷಗಟ್ಟಲೆ ನೋಡಿ ನೋಡಿ ಅವನಿಗೆ ಬಾಯಿಪಾಠವಾಗಿತ್ತು.

“ಫಿಟ್ಸ್ ಬಂದಿತ್ತೇನವ್ವಾ?” ನರ್ಸ್ ಗೊಲ್ಲಾಳಮ್ಮನನ್ನು ಕೇಳಿದಳು.

“ಬಂ... ಬಂದಿತ್ರಿ.” ತೊದಲಿದಳು. ಹಣೆ ಬೆವರಿತ್ತು.

“ನೀ ಯಾಕ ಹೆದರ್ತಿ? ಒಂದ್ ಹಾಸಿಗಿ ಖಾಲಿ ಐತಿ. ಆದ್ರ ಜೊತೀಗಿ ಮನಿಯವರೊಬ್ಬರು ಇರಬೇಕು. ಒಳಗ ಬಂದಮ್ಯಾಲ ಅವರನ್ನೂ ಹೊರಗ ಬಿಡಂಗಿಲ್ಲ. ಹೋದೋರು ಬಾಟ್ಲಿ ತರ್ತಾರ.”

“ಅಕಿನೇ ಇರ್ತಾಳ್ರಿ,” ಎಂದ ದೇವಿಂದ್ರ, ಥಟ್ಟನೆ.

“ಹೂಂ. ಕುಡಿಯಾಕ ನೀವು, ಚಾಕರಿಗೆ ಹೇಣ್ತಿ.”

ಇಬ್ಬರೂ ಒಳಗೆ ಬರುತ್ತಲೇ ಕಾವಲುಗಾರ ಲಾಡ್ಲೇಸಾಬ ಗೇಟಿಗೆ ಕೀಲಿ ಜಡಿದ. ಆ ಸದ್ದಿಗೆ ಗೊಲ್ಲಾಳಮ್ಮ ತಿರುಗಿ ಓಡಿ ಕಂಬಿ ಹಿಡಿದಳು.

“ಚಾಚಾ, ಒಂದ್ಸಲ ತಗೀರಿ. ಇಲ್ಲೇ ಬಾಜೂಕ ಹೋಗಿ ಬಂದ್ಬಿಡ್ತೀನಿ.”

“ನಿನ್ನಂಥಾ ಮೆತ್ತನ ಮನಸಿನವ್ರೇ ಗಂಡಂದಿರನ್ನ ಕೆಡಿಸೋದು, ಬೇಟಿ. ನಡಿ ಒಳಗ.”

ದೇವಿಂದ್ರ ಅವಳ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿದ. ಅವಳು ಅವನ ಮುಂಗೈ ಪರಚಿದಳು. ಅವನು ಅವಳನ್ನು ಒಳಗೆ ನಡೆಸಿಕೊಂಡು ಹೋದ.

ವಾರ್ಡಿನಲ್ಲಿ ಮಲ್ಲೇಶ್ವರಿ ಗುಳಿಗೆಗಳನ್ನು ಗೊಲ್ಲಾಳಮ್ಮನ ಅಂಗೈಗೆ ಹಾಕಿದಳು. “ಎದುರಿಗೆ ಕುಂತು ನುಂಗಿಸವ್ವಾ. ಕುಡಿಯೋರ ಮಾತು ನಂಬಬ್ಯಾಡ.” ಪರದೆ ಎಳೆದು ಹೋದಳು.

ಹೆಜ್ಜೆಯ ಸದ್ದು ದೂರವಾಗುವತನಕ ದೇವಿಂದ್ರ ಕಾದ. ಅವನ ಕೈ ಈಗ ನಡುಗುತ್ತಿರಲಿಲ್ಲ. ಅವಳ ಅಂಗೈಯಿಂದ ಗುಳಿಗೆ ಎತ್ತಿ ಅವಳ ತುಟಿಗೇ ಇಟ್ಟ.

“ಹೆಂಗಸರಿಗೆ ಹಾಸಿಗಿ ಕೊಡೋರು ಎಲ್ಲೂ ಸಿಗಲಿಲ್ಲಲ್ಲ. ಇಲ್ಲಿ ಕುಡುಕ ನಾನೇ. ನೀ ನುಂಗು.”